ಅಣ್ಣನ ಸೊಂಟದ ಗೆರೆ

ಒಬ್ಬ ಮನುಷ್ಯ ಸಾಯಲಿ ಎಂದು ನಾನು ನಾಲ್ಕು ವರ್ಷ ಕಾದಿದ್ದೇನೆ. ಬೈಯಲಿಲ್ಲ, ಶಾಪ ಹಾಕಲಿಲ್ಲ, ಹರಕೆ ಹೊತ್ತುಕೊಳ್ಳಲಿಲ್ಲ. ಸುಮ್ಮನೆ ಬಾಯಿ ಮುಚ್ಚಿಕೊಂಡಿದ್ದೆ. ಅವರ ಮೈಯೊಳಗಿನ ಒಂದು ಸಂಗತಿ ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ಅದನ್ನು ಹೇಳದೆ ಇದ್ದದ್ದೇ ನನ್ನ ಸೇಡು.

ಅವರು ಡಾಕ್ಟರು. ನಮ್ಮ ಕರಾವಳಿಯವರೇ. ಬಹರೈನಿನ ಮನಾಮಾದ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಅವರು ಹಿರಿಯ ವೈದ್ಯರಾಗಿದ್ದರು, ನಾನು ಅದೇ ಕ್ಲಿನಿಕ್ಕಿನ ಲ್ಯಾಬಿನಲ್ಲಿ ಟೆಕ್ನಿಷಿಯನ್. ಇಷ್ಟೆಲ್ಲ ಆದ ಮೇಲೂ ಅವರನ್ನು ಏಕವಚನದಲ್ಲಿ ಕರೆಯಲು ನನ್ನ ನಾಲಗೆ ಹೊರಳುವುದಿಲ್ಲ. ಅದು ನನ್ನ ಮೇಲೇ ನನಗಿರುವ ಒಂದು ಸಿಟ್ಟು.

ನಾನು ಬಹರೈನಿಗೆ ಬಂದದ್ದು ಕುವೈತಿನ ಯುದ್ಧ ಮುಗಿದ ಮರುವರ್ಷ. ಕರೆಸಿಕೊಂಡವನು ಅಣ್ಣ. ಅಪ್ಪ ತೀರಿಹೋದಾಗ ನನಗೆ ಎಂಟು, ಅವನಿಗೆ ಹದಿನಾರು. ಅವನು ಶಾಲೆ ಬಿಟ್ಟು ಕುಂದಾಪುರದ ಕಡೆಯ ಯಾರ್ಯಾರದೋ ಗದ್ದೆಗಳಲ್ಲಿ ಕೆಸರು ತುಳಿದು ನಮ್ಮನ್ನು ಸಾಕಿದ. ಆಮೇಲೆ ಬೊಂಬಾಯಿ, ಅಲ್ಲಿಂದ ಬಹರೈನ್. ಸಲ್ಮಾಬಾದಿನಲ್ಲಿ ಏಸಿಯ ತಗಡಿನ ಕೊಳವೆ ಮಾಡುವ ವರ್ಕ್‌ಶಾಪಿನಲ್ಲಿ ಹೆಲ್ಪರ್ ಆಗಿ ಸೇರಿದವನು ಫೋರ್‌ಮನ್ ಆದ. ನನ್ನನ್ನು ಮಂಗಳೂರಿನಲ್ಲಿ ಲ್ಯಾಬ್ ಕೋರ್ಸ್ ಓದಿಸಿದ. ಹಿದ್‌ನಲ್ಲಿ ಹಡಗು ರಿಪೇರಿ ಮಾಡುವ ಯಾರ್ಡಿನ ಆಫೀಸಿನಲ್ಲಿದ್ದ ಹುಡುಗನನ್ನು ತಾನೇ ನೋಡಿ, ವಿಚಾರಿಸಿ, ನನಗೆ ಮದುವೆ ಮಾಡಿಸಿದ. ಅತ್ತಿಗೆ ಮತ್ತು ಇಬ್ಬರು ಹೆಣ್ಣುಮಕ್ಕಳು ಊರಿನಲ್ಲಿದ್ದರು. ಪ್ರತಿ ಶುಕ್ರವಾರ ಅಣ್ಣ ಬಸ್ಸು ಹಿಡಿದು ನಮ್ಮ ಫ್ಲ್ಯಾಟಿಗೆ ಊಟಕ್ಕೆ ಬರುತ್ತಿದ್ದ. ಬರುವಾಗ ಮೀನು ತರುತ್ತಿದ್ದ. ಅಲ್ಲಿಯ ಶೇರಿ ಮೀನಿಗೆ ನಮ್ಮೂರಿನ ಕಾಣೆ ಮೀನಿನ ರುಚಿ ಇಲ್ಲ ಎಂದು ಪ್ರತಿ ವಾರ ಹೇಳುತ್ತಿದ್ದ, ಪ್ರತಿ ವಾರ ಎರಡು ಸಲ ಬಡಿಸಿಕೊಳ್ಳುತ್ತಿದ್ದ.

ಒಂದು ಶುಕ್ರವಾರ ಕೈ ತೊಳೆದು ಬಂದವನು ಅಂಗಿ ಎತ್ತಿ ಸೊಂಟ ತೋರಿಸಿದ. ಬೆಲ್ಟಿನ ಮೇಲ್ಗಡೆ ಕೆಂಪಗೆ ಉಬ್ಬಿದ ಒಂದು ಗೆರೆ. ಗೇಣುದ್ದ ಇತ್ತು, ಯಾರೋ ಕಡ್ಡಿಯಿಂದ ಗೀರಿದ ಹಾಗೆ ಅಂಕುಡೊಂಕು.

"ಕಾಣ್ ಹೆಣೆ, ಬೆಳಿಗ್ಗೆ ಇಲ್ಲಿತ್ತ್. ಈಗ ಇಲ್ಲಿಗ್ ಬಂತ್," ಎಂದ.

ತುರಿಕೆ ವಿಪರೀತವಂತೆ. ವರ್ಷಕ್ಕೆ ನಾಲ್ಕೈದು ಸಲ ಬರುತ್ತದೆ, ಎರಡು ದಿನ ಇದ್ದು ಹೋಗುತ್ತದೆ, ಊರಿನಲ್ಲಿದ್ದಾಗಿನಿಂದಲೂ ಇದೆ ಎಂದ. ನಾನು ಬಾಲ್‌ಪೆನ್ನಿನಿಂದ ಗೆರೆಯ ತುದಿಗೆ ಒಂದು ಚುಕ್ಕೆ ಇಟ್ಟೆ. ಅವನು ಚಾಪೆ ಹಾಸಿ ಮಲಗಿದ. ಎರಡು ತಾಸು ಕಳೆದು ಚಹಾಕ್ಕೆ ಎಬ್ಬಿಸಿ ನೋಡಿದರೆ ಗೆರೆ ನನ್ನ ಚುಕ್ಕೆಯನ್ನು ದಾಟಿ ನಾಲ್ಕು ಬೆರಳು ಮುಂದೆ ಹೋಗಿತ್ತು.

ಕೋರ್ಸಿನಲ್ಲಿ ಓದಿದ್ದು ನೆನಪಾಯಿತು. ಒದ್ದೆ ಮಣ್ಣಿನಲ್ಲಿ ಇರುವ ಒಂದು ಜಾತಿಯ ಹುಳ ಬರಿಗಾಲಿನ ಚರ್ಮ ಕೊರೆದು ಮೈಯೊಳಗೆ ಸೇರುತ್ತದೆ. ಕೂದಲಿಗಿಂತ ಸಣ್ಣದು. ಬೇರೆ ಹೊಟ್ಟೆಹುಳಗಳು ಕೆಲವು ವರ್ಷಕ್ಕೆ ತಾವಾಗಿ ಸಾಯುತ್ತವೆ. ಇದು ಹಾಗಲ್ಲ. ಕರುಳಿನಲ್ಲೇ ಮರಿ ಮಾಡುತ್ತದೆ, ಆ ಮರಿಗಳು ಅದೇ ಮೈಯನ್ನು ಮತ್ತೆ ಕೊರೆದು ಒಳಗೆ ಬರುತ್ತವೆ. ಹೀಗೆ ಒಬ್ಬ ಮನುಷ್ಯನೊಳಗೆ ಮೂವತ್ತು ನಲವತ್ತು ವರ್ಷ ಇರಬಲ್ಲದು. ಮನುಷ್ಯ ಗದ್ದೆ ಬಿಟ್ಟು ಮರಳುಗಾಡಿಗೆ ಹೋದರೆ ಅದೂ ಜೊತೆಗೆ ಹೋಗುತ್ತದೆ.

ಅಣ್ಣನಿಗೆ ಆ ವರ್ಷ ಉಬ್ಬಸವೂ ಶುರುವಾಗಿತ್ತು. ಶನಿವಾರ ಅವನನ್ನು ನಮ್ಮ ಕ್ಲಿನಿಕ್ಕಿಗೆ ಬರಹೇಳಿದೆ. ಡಾಕ್ಟರು ನೋಡಿ ಧೂಳಿನ ಆಸ್ತಮಾ ಎಂದರು. ಶಮಾಲ್ ಗಾಳಿ ಬೀಸುವ ದಿನಗಳು, ಕಿಟಕಿಯ ಸಂದಿಯಲ್ಲೆಲ್ಲ ಮಣ್ಣು. ಹಾಗೆ ಹೇಳಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ನಾನು ಅಣ್ಣನ ರಕ್ತ ತೆಗೆದು ಸ್ಲೈಡಿಗೆ ಬಣ್ಣ ಹಾಕಿ ನೋಡಿದಾಗ, ಮೈಯೊಳಗೆ ಹುಳವಿದ್ದರೂ ಅಲರ್ಜಿ ಇದ್ದರೂ ಹೆಚ್ಚುವ ಇಯೊಸಿನೊಫಿಲ್ ಎಂಬ ಬಿಳಿ ಕಣ ನೂರಕ್ಕೆ ಇಪ್ಪತ್ತೆಂಟು ಇತ್ತು. ನಾಲ್ಕೋ ಐದೋ ಇರಬೇಕಾದದ್ದು. ಯಾರ ಅಪ್ಪಣೆಯನ್ನೂ ಕೇಳದೆ ಅವನ ಮಲಪರೀಕ್ಷೆಯನ್ನೂ ಮಾಡಿದೆ. ಮೂರನೆಯ ಸ್ಲೈಡಿನಲ್ಲಿ ಸಿಕ್ಕಿತು. ಮರಿಹುಳ, ಒಂದೇ ಒಂದು. ಚಾಟಿಯ ಹಾಗೆ ಮೈ ಬೀಸುತ್ತ ಇತ್ತು.

ಡಾಕ್ಟರನ್ನು ಕರೆದೆ. ಹೊರಗೆ ಪೇಷಂಟುಗಳು ಕಾಯುತ್ತಿದ್ದರು, ಅವರು ಬಂದದ್ದು ಅರ್ಧ ಗಂಟೆ ಬಿಟ್ಟು. ಅಷ್ಟರಲ್ಲಿ ಸ್ಲೈಡು ಒಣಗಿ ಹುಳ ಅಲುಗಾಡುವುದನ್ನು ನಿಲ್ಲಿಸಿತ್ತು. ಅವರು ಕೂರಲೂ ಇಲ್ಲ. ಬಗ್ಗಿ ಒಂದು ಕಣ್ಣಿಟ್ಟು ನೋಡಿ, "ಮ್ಯೂಕಸ್ ದಾರ," ಎಂದರು. ಕರುಳಿನ ಲೋಳೆಯ ಎಳೆ, ಹುಳವಲ್ಲ ಎಂದು ಅರ್ಥ.

ಈಗಷ್ಟೇ ಅಲುಗಾಡುತ್ತಿತ್ತು ಡಾಕ್ಟ್ರೇ ಎಂದೆ. ಸೊಂಟದ ಗೆರೆಯ ವಿಷಯವನ್ನೂ ಹೇಳಿದೆ. ಇನ್ನೆರಡು ದಿನದ ಸ್ಯಾಂಪಲ್ ನೋಡುತ್ತೇನೆ, ಅಲ್ಲಿಯವರೆಗೆ ಮದ್ದು ಬರೆಯಬೇಡಿ ಎಂದು ಕೇಳಿಕೊಂಡೆ. ಅವರು ನಕ್ಕರು. ಈ ಮರುಭೂಮಿಯಲ್ಲಿ ಆ ಹುಳ ಎಲ್ಲಿಂದ ಬಂತು, ನಿನ್ನ ಅಣ್ಣ ಇಲ್ಲಿಗೆ ಬಂದೇ ಹದಿಮೂರು ವರ್ಷ ಆಯಿತಲ್ಲ ಎಂದು ಕೇಳಿದರು. ಅಣ್ಣ ಎಂಬ ಕಾರಣಕ್ಕೆ ನಿನಗೆ ಗಾಬರಿ ಎಂದರು. ನಾನು ಮತ್ತೆ ಏನೋ ಹೇಳಹೊರಟಾಗ ಅವರ ಮುಖ ಬಿಗಿಯಿತು.

"ನೀನು ಟೆಕ್ನಿಷಿಯನ್. ಕಂಡದ್ದನ್ನು ಬರಿ, ಅಂದುಕೊಂಡದ್ದನ್ನು ಬರೀಬೇಡ."

ನಾನು ಬರೆದಿದ್ದ ರಿಪೋರ್ಟಿನ ಸಾಲನ್ನು ಅವರು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಬೇರೆ ಪ್ರತಿ ಮಾಡಲು ಹೇಳಿದರು. ನನ್ನ ವೀಸಾ ಆ ಕ್ಲಿನಿಕ್ಕಿನದು, ಕೆಲಸ ಹೋದರೆ ಅದೂ ಹೋಗುತ್ತಿತ್ತು. ಬಂದು ಒಂದೂವರೆ ವರ್ಷ ಆಗಿತ್ತಷ್ಟೆ. ನಾನು ಹೊಸ ಫಾರಂ ತೆಗೆದು ಮಲದಲ್ಲಿ ಹುಳ, ಮೊಟ್ಟೆ ಯಾವುದೂ ಕಂಡುಬಂದಿಲ್ಲ ಎಂದು ಬರೆದೆ. ಕೆಳಗೆ ನನ್ನ ಸಹಿ ಹಾಕಿದೆ.

ಉಬ್ಬಸಕ್ಕೆಂದು ಅವರು ಅಣ್ಣನಿಗೆ ಸ್ಟೀರಾಯ್ಡ್ ಗುಳಿಗೆ ಬರೆದುಕೊಟ್ಟರು. ದೊಡ್ಡ ಡೋಸು. ಆಸ್ತಮಾಕ್ಕೆ ಅದು ಸರಿಯಾದ ಮದ್ದೇ. ಆದರೆ ಆ ಹುಳವನ್ನು ಇಷ್ಟು ವರ್ಷ ಮಿತಿಯಲ್ಲಿ ಇಟ್ಟಿರುವುದು ಮೈಯ ಕಾವಲು. ಸ್ಟೀರಾಯ್ಡ್ ಆ ಕಾವಲನ್ನೇ ತೆಗೆಯುತ್ತದೆ. ಆಗ ಕರುಳಿನಲ್ಲಿದ್ದ ಹುಳಗಳು ಲಕ್ಷಗಟ್ಟಲೆ ಹೆಚ್ಚಿ ಶ್ವಾಸಕೋಶ, ಮಿದುಳು ಎಲ್ಲವನ್ನೂ ಕೊರೆಯುತ್ತವೆ, ಕರುಳಿನ ಕೊಳೆಯನ್ನು ರಕ್ತಕ್ಕೆ ಬೆರೆಸುತ್ತವೆ. ಇಷ್ಟು ವಿವರ ನನಗೆ ಆಗ ಗೊತ್ತಿರಲಿಲ್ಲ. ಈ ಹುಳವಿದ್ದವರಿಗೆ ಆ ಗುಳಿಗೆ ಒಳ್ಳೆಯದಲ್ಲ ಎಂದು ಎಲ್ಲೋ ಓದಿದ ನೆನಪು ಮಾತ್ರ ಇತ್ತು. ಆ ನೆನಪು ನಿಜವೇ ಎಂದು ನನಗೇ ಅನುಮಾನವಾಗಿತ್ತು. ಔಷಧದ ಕೌಂಟರಿನಿಂದ ಗುಳಿಗೆಯ ಪೊಟ್ಟಣ ತಂದು ಅಣ್ಣನ ಕೈಗೆ ಕೊಟ್ಟವಳು ನಾನೇ.

ಮೊದಲ ಎರಡು ವಾರ ಅಣ್ಣ ಹುರುಪಿನಲ್ಲಿದ್ದ. ಉಬ್ಬಸ ನಿಂತಿತು, ಊಟ ಸೇರಿತು, ಕೆನ್ನೆ ತುಂಬಿಕೊಂಡಿತು. ಡಾಕ್ಟರ ಕೈಗುಣವನ್ನು ಕೆಲಸಗಾರರ ಕ್ಯಾಂಪಿನಲ್ಲೆಲ್ಲ ಹೊಗಳಿ ಇನ್ನಿಬ್ಬರನ್ನು ಅವರ ಹತ್ತಿರ ಕಳಿಸಿದ. ಮೂರನೆಯ ವಾರ ಹೊಟ್ಟೆನೋವು, ವಾಂತಿ. ಆಮೇಲೆ ಕೆಮ್ಮು. ಡಾಕ್ಟರು ಡೋಸು ಏರಿಸಿದರು. ಐದನೆಯ ವಾರ ಕೆಮ್ಮಿದರೆ ರಕ್ತ ಬರಲಿಕ್ಕೆ ಶುರುವಾಯಿತು, ಜ್ವರದಲ್ಲಿ ಮಾತು ತಪ್ಪಿತು. ವರ್ಕ್‌ಶಾಪಿನವರು ಪಿಕಪ್‌ನಲ್ಲಿ ಮಲಗಿಸಿಕೊಂಡು ದೊಡ್ಡ ಸರ್ಕಾರಿ ಆಸ್ಪತ್ರೆಗೆ ಸೇರಿಸಿದರು.

ಅಲ್ಲಿಯ ಲ್ಯಾಬಿನಲ್ಲಿ ಒಬ್ಬರು ಹಿರಿಯ ಬಹರೈನಿ ಹೆಂಗಸು ಇದ್ದರು. ನಾನೂ ಲ್ಯಾಬಿನವಳು ಎಂದು ತಿಳಿದು ಮೂರನೆಯ ದಿನ ನನ್ನನ್ನು ಒಳಗೆ ಕರೆದು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದರು. ಅಣ್ಣನ ಕಫದ ಸ್ಲೈಡು. ಎಣಿಸುವ ಹಾಗೆಯೇ ಇರಲಿಲ್ಲ. ಎಲ್ಲಿ ನೋಡಿದರೂ ಹುಳ, ಒಂದರ ಮೇಲೊಂದು. ಆ ಹೆಂಗಸು ನನ್ನ ಹೆಗಲ ಮೇಲೆ ಕೈ ಇಟ್ಟು, ಇಂಗ್ಲಿಷಿನಲ್ಲಿ ಮೆಲ್ಲಗೆ, ಇವರಿಗೆ ಸ್ಟೀರಾಯ್ಡ್ ಕೊಟ್ಟವರು ಯಾರು ಎಂದು ಕೇಳಿದರು. ಹುಳದ ಮದ್ದನ್ನು ಮೂಗಿನ ಕೊಳವೆಯಿಂದ ಕೊಡಲು ಶುರುಮಾಡಿದ್ದರು. ತಡವಾಗಿತ್ತು. ಮಾರನೆಯ ದಿನ ಮಧ್ಯಾಹ್ನದ ಬಾಂಗಿನ ಹೊತ್ತಿಗೆ ಅಣ್ಣ ಹೋದ. ನಲವತ್ತು ತುಂಬಿರಲಿಲ್ಲ.

ಪೆಟ್ಟಿಗೆಯ ಜೊತೆಗೆ ನಾನು ಊರಿಗೆ ಹೋದೆ. ಅತ್ತಿಗೆ ಏನಾಯಿತು ಎಂದು ಕೇಳಿದಾಗ ಶ್ವಾಸಕೋಶಕ್ಕೆ ಜ್ವರ ಇಳಿಯಿತು ಎಂದೆ. ಅವರು ಹೆಚ್ಚು ಕೇಳಲಿಲ್ಲ. ಕೇಳಿದ್ದರೂ ನಾನು ಹೇಳುತ್ತಿರಲಿಲ್ಲ.

ತಿಂಗಳು ಕಳೆದು ಕ್ಲಿನಿಕ್ಕಿಗೆ ಮರಳಿದ ದಿನವೇ ಡಾಕ್ಟರ ರೂಮಿಗೆ ಹೋಗಿ, ಸರ್ಕಾರಿ ಆಸ್ಪತ್ರೆಯಲ್ಲಿ ಕಂಡದ್ದನ್ನು ಒಂದೊಂದಾಗಿ ಹೇಳಿದೆ. ಅವರು ತಡೆಯದೆ ಕೇಳಿದರು. ಮುಖ ಸ್ವಲ್ಪ ಬಿಳಿಚಿತೆಂದು ನನಗೆ ಈಗಲೂ ಅನಿಸುತ್ತದೆ. ಆದರೆ ಮಾತಿನಲ್ಲಿ ಏನೂ ಇರಲಿಲ್ಲ. ಫೈಲು ತರಿಸಿ, ಅದರಿಂದ ಒಂದು ಹಾಳೆ ತೆಗೆದು ನನ್ನ ಕಡೆಗೆ ತಿರುಗಿಸಿದರು.

"ಲ್ಯಾಬಿನಿಂದ ಬಂದ ರಿಪೋರ್ಟ್ ಇದು. ಸಹಿ ನಿಂದೇ ಅಲ್ವಾ?"

ನನ್ನದೇ. ಅವರು ಕೆಂಪು ಗೆರೆ ಎಳೆದ ಮೊದಲ ಪ್ರತಿ ಕಸದ ಬುಟ್ಟಿಗೆ ಹೋಗಿ ಎರಡು ತಿಂಗಳಾಗಿತ್ತು.

ದೂರು ಕೊಡುತ್ತೇನೆಂದು ಮನೆಯಲ್ಲಿ ಕೂತು ಬರೆದೆ. ನನ್ನ ಗಂಡ ಅದನ್ನು ಎರಡು ಸಲ ಓದಿ, ಇದರಲ್ಲಿ ಮೊದಲು ಸಿಕ್ಕಿಬೀಳುವವಳು ನೀನು ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಕಾಗದವನ್ನು ಹರಿದೆ. ಡಾಕ್ಟರ ಕಡೆಯಿಂದ ಆ ನಂತರ ನನಗೆ ಒಂದು ಗಟ್ಟಿ ಮಾತೂ ಬರಲಿಲ್ಲ. ಎದುರಿಗೆ ಸಿಕ್ಕಾಗ ಮನೆಯಲ್ಲಿ ಎಲ್ಲ ಆರಾಮಾ ಎಂದು ವಿಚಾರಿಸುತ್ತಿದ್ದರು. ಆರಾಮ ಎಂದು ಹೇಳಿ ನಾನು ಲ್ಯಾಬಿನ ಬಾಗಿಲು ಹಾಕಿಕೊಳ್ಳುತ್ತಿದ್ದೆ.

ವರ್ಷಕ್ಕೊಮ್ಮೆ ಕ್ಲಿನಿಕ್ಕಿನ ಎಲ್ಲರ ರಕ್ತಪರೀಕ್ಷೆ ಆಗುತ್ತಿತ್ತು. ಅಣ್ಣ ಸತ್ತ ಆರನೆಯ ತಿಂಗಳಿಗೆ ಆ ವರ್ಷದ ಸರದಿ ಬಂತು. ಡಾಕ್ಟರ ಸ್ಲೈಡು ನೋಡುತ್ತಿದ್ದೆ. ಇಯೊಸಿನೊಫಿಲ್ ಒಂದರ ಹಿಂದೆ ಒಂದು ಬಂದವು. ನೂರು ಎಣಿಸಿದೆ. ಹದಿನಾರು. ಇನ್ನೊಮ್ಮೆ ಎಣಿಸಿದೆ, ಹದಿನೇಳು. ರಿಜಿಸ್ಟರ್ ತೆಗೆದು ಹಿಂದಿನ ವರ್ಷದ್ದು ನೋಡಿದೆ, ಹದಿನೈದು. ಅದರ ಹಿಂದಿನ ವರ್ಷವೂ ಹೆಚ್ಚು ಕಡಿಮೆ ಅಷ್ಟೇ.

ಕುರ್ಚಿಗೆ ಒರಗಿ ಕೂತೆ. ಇಲ್ಲಿಯ ನಮ್ಮ ಕರಾವಳಿಯವರ ಕೂಟಗಳಲ್ಲಿ ಭಾಷಣಕ್ಕೆ ನಿಂತಾಗ ಡಾಕ್ಟರು ತಮ್ಮ ಬಾಲ್ಯವನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಚಪ್ಪಲಿಯಿಲ್ಲದೆ ಮೂರು ಮೈಲಿ ಗದ್ದೆಯ ಬದುವಿನ ಮೇಲೆ ನಡೆದು ಶಾಲೆಗೆ ಹೋದದ್ದು, ರಜೆಯಲ್ಲಿ ಗದ್ದೆಗಿಳಿದು ಭತ್ತದ ನೇಜಿ ನೆಟ್ಟದ್ದು. ಅವರು ಮಾತಿನ ನಡುವೆ ಬೆಲ್ಟಿನ ಒಳಗೆ ಬೆರಳು ತೂರಿಸಿ ಸೊಂಟ ಕೆರೆದುಕೊಳ್ಳುವುದನ್ನು ಕ್ಲಿನಿಕ್ಕಿನವರೆಲ್ಲ ನೋಡಿದ್ದೆವು. ಅವರದೊಂದು ಅಭ್ಯಾಸ ಅಂದುಕೊಂಡಿದ್ದೆವು.

ಹದಿನಾರು ಎಂದು ಸರಿಯಾಗಿಯೇ ಬರೆದೆ. ಸುಳ್ಳು ಬರೆಯುವ ಅಗತ್ಯ ನನಗಿರಲಿಲ್ಲ. ಅವರು ತಮ್ಮ ರಿಪೋರ್ಟನ್ನು ಓದುವವರಲ್ಲ ಎಂದು ಗೊತ್ತಿತ್ತು. ಓದಲಿಲ್ಲ. ಸಹಿ ಹಾಕಿ ಫೈಲಿಗೆ ಸೇರಿಸಿದರು.

ಅಂದಿನಿಂದ ನನಗೆ ಬದುಕಲು ಒಂದು ಕೆಲಸ ಸಿಕ್ಕಿತು. ಮರುವರ್ಷ ಬೇರೆ ಕ್ಲಿನಿಕ್ಕಿಗೆ ಸೇರಿದೆ. ಡಾಕ್ಟರು ತಕರಾರಿಲ್ಲದೆ ವೀಸಾ ಬದಲಿಸಲು ಬೇಕಾದ ರಿಲೀಸ್ ಪತ್ರ ಕೊಡಿಸಿದರು, ನಾನು ಹೋದರೆ ಸಾಕು ಎಂದಿತ್ತೋ ಏನೋ. ಆದರೆ ದ್ವೀಪ ಸಣ್ಣದು. ಬಾಡಿಗೆಗೆ ಹಿಡಿದ ಶಾಲೆಯ ಹಾಲಿನಲ್ಲಿ ನಮ್ಮವರ ಹಬ್ಬ, ಸಂಗೀತ, ಊಟ ಏನಿದ್ದರೂ ಅವರು ಮೊದಲ ಸಾಲಿನಲ್ಲಿ ಇರುತ್ತಿದ್ದರು. ನಾನು ಹಿಂದಿನ ಸಾಲಿನಲ್ಲಿ ಕೂತು ಅವರನ್ನೇ ನೋಡುತ್ತಿದ್ದೆ. ಕೆಮ್ಮುತ್ತಾರಾ, ಇಳಿದಿದ್ದಾರಾ, ಊಟ ಮಾಡುತ್ತಾರಾ. ಮನುಷ್ಯನಿಗೆ ವಯಸ್ಸಾದರೆ ಎಂದಾದರೂ ಒಂದು ದಿನ ಸ್ಟೀರಾಯ್ಡ್ ಬೇಕಾಗುತ್ತದೆ. ಸಂಧಿವಾತಕ್ಕೋ, ಚರ್ಮಕ್ಕೋ, ಕಣ್ಣಿಗೋ. ಅವರಿಗೆ ಅದನ್ನು ಯಾರೋ ಬರೆದುಕೊಡುತ್ತಾರೆ, ಹುಳ ಇದೆಯಾ ಎಂದು ಯಾರೂ ಕೇಳುವುದಿಲ್ಲ. ಆ ದಿನಕ್ಕಾಗಿ ಕಾಯುವುದೊಂದೇ ನಾನು ಮಾಡಬೇಕಾದದ್ದು.

ಒಂದು ಚಳಿಗಾಲದಲ್ಲಿ ಬುದಯ್ಯ ಎಂಬ ಊರಿನಲ್ಲಿದ್ದ ಅವರ ಮನೆಯ ತೋಟಕ್ಕೆ ನಮ್ಮವರನ್ನೆಲ್ಲ ಕರೆದಿದ್ದರು. ಖರ್ಜೂರದ ಮರಗಳ ಕೆಳಗೆ ಕುರ್ಚಿ, ಮಕ್ಕಳಿಗೆ ಆಟ, ನೀರುದೋಸೆ, ಕೋಳಿಸಾರು. ಅವರು ನನಗೆ ತಾವೇ ಬಡಿಸಲು ಬಂದರು. ಎಡಗೈಯಲ್ಲಿ ಸೊಂಟ ಕೆರೆಯುತ್ತಿದ್ದರು, ಅಂಗಿ ಸ್ವಲ್ಪ ಸರಿದಿತ್ತು. ನಾನು ಕಂಡೆ. ಅದೇ ಗೆರೆ. ಕೆಂಪಗೆ, ಅಂಕುಡೊಂಕಾಗಿ. ನನ್ನ ಅಣ್ಣ ತೀರಿಹೋದ ಮೇಲೆ ನನಗೆ ಮನಸಾರೆ ಖುಷಿಯಾದದ್ದು ಆ ದಿನ. ಇನ್ನೊಂದು ದೋಸೆ ಹಾಕಿಸಿಕೊಂಡೆ. ಮನೆಗೆ ಬರುವಾಗ ಕಾರಿನಲ್ಲಿ ಹಾಡು ಗುನುಗುತ್ತಿದ್ದೆ ಎಂದು ನನ್ನ ಗಂಡ ಆಮೇಲೆ ಹೇಳಿದರು. ಇದನ್ನು ಬರೆಯಲು ನಾಚಿಕೆಯಾಗಬೇಕು. ಆಗುತ್ತಿಲ್ಲ.

ನಾಲ್ಕನೆಯ ವರ್ಷ ಅದು ಬಂತು. ಒಂದು ಗುರುವಾರ ಸಂಜೆ ಯಾರದೋ ಮಗುವಿನ ನಾಮಕರಣದಲ್ಲಿ ಡಾಕ್ಟರ ಹೆಂಡತಿ ನನ್ನ ಪಕ್ಕ ಕೂತಿದ್ದರು. ಡಾಕ್ಟರು ಬಂದಿರಲಿಲ್ಲ. ಕೀಲುಗಳೆಲ್ಲ ಊದಿಕೊಂಡಿವೆ, ಅಂಗಿಯ ಗುಂಡಿ ಹಾಕಲೂ ಆಗುವುದಿಲ್ಲ ಎಂದರು. ಬೊಂಬಾಯಿಗೆ ಹೋಗಿ ದೊಡ್ಡ ಡಾಕ್ಟರಿಗೆ ತೋರಿಸಿಕೊಂಡು ಬಂದಿದ್ದಾರೆ, ಶನಿವಾರದಿಂದ ಸ್ಟೀರಾಯ್ಡ್ ಶುರುಮಾಡುತ್ತಾರೆ, ಕಡಿಮೆಯೆಂದರೂ ಮೂರು ತಿಂಗಳು ತಗೊಳ್ಳಬೇಕಂತೆ ಎಂದರು. ನಾನು ಅಯ್ಯೋ ಪಾಪ ಎಂದೆ.

ಮರುದಿನ ಶುಕ್ರವಾರ. ಅಡುಗೆ ಮಾಡಿದೆ, ಬಟ್ಟೆ ಒಗೆದೆ, ಒಗೆದದ್ದನ್ನೇ ಮತ್ತೆ ಒಗೆದೆ. ಇಷ್ಟು ವರ್ಷ ಕಾದದ್ದು ಬಾಗಿಲಿಗೆ ಬಂದಿತ್ತು, ನಾನು ಏನೂ ಮಾಡದೆ ಇದ್ದರೆ ಸಾಕಿತ್ತು. ಮೂರನೆಯ ವಾರ ವಾಂತಿ, ಐದನೆಯ ವಾರ ರಕ್ತ. ಅದನ್ನು ಕಣ್ಣ ಮುಂದೆ ತಂದುಕೊಂಡು ನೋಡಿದೆ. ಸುಖವಾಯಿತು. ಆದರೆ ಅದರಲ್ಲಿ ಒಂದು ಕೊರತೆ ಇತ್ತು. ಅವರು ಸಾಯುತ್ತಾರೆ, ಯಾಕೆ ಸತ್ತೆ ಎಂದು ಗೊತ್ತಿಲ್ಲದೆ ಸಾಯುತ್ತಾರೆ. ಅಣ್ಣನೂ ಹಾಗೆಯೇ ಸತ್ತ. ಜನ ಬಂದು ಹೂವು ಹಾಕಿ, ಎಂತಹ ಕೈಗುಣ ಎನ್ನುತ್ತಾರೆ. ನನ್ನ ಸೇಡು ನನ್ನೊಳಗೇ ಉಳಿಯುತ್ತದೆ, ಯಾರಿಗೂ ಕಾಣದೆ. ನನಗೆ ಅವರು ಸಾಯುವುದಕ್ಕಿಂತ ಅವರಿಗೆ ಗೊತ್ತಾಗುವುದು ಹೆಚ್ಚು ಬೇಕಾಗಿತ್ತು ಎಂದು ಆ ಸಂಜೆಯ ಹೊತ್ತಿಗೆ ತಿಳಿಯಿತು. ಕರುಣೆ ಬಂತೆಂದು ಯಾರೂ ತಿಳಿಯಬಾರದು. ಬರಲಿಲ್ಲ.

ಶನಿವಾರ ಬೆಳಿಗ್ಗೆ ಅವರ ಕ್ಲಿನಿಕ್ಕಿಗೆ ಹೋಗಿ ಎಲ್ಲರ ಹಾಗೆ ಟೋಕನ್ ತೆಗೆದುಕೊಂಡು ಕೂತೆ. ನನ್ನ ಸರದಿ ಬಂದಾಗ ಒಳಗೆ ಹೋಗಿ ಮಲಪರೀಕ್ಷೆಯ ಮೂರು ಖಾಲಿ ಡಬ್ಬಿಗಳನ್ನು ಅವರ ಮೇಜಿನ ಮೇಲೆ ಇಟ್ಟೆ. ಗುಳಿಗೆ ಶುರುವಾಯಿತಾ ಎಂದು ಕೇಳಿದೆ. ಬೆಳಿಗ್ಗೆ ಮೊದಲ ಡೋಸು ಆಗಿತ್ತು.

"ಎರಡನೆಯದು ಮುಟ್ಟಬೇಡಿ ಡಾಕ್ಟ್ರೇ. ಇವತ್ತು, ನಾಳೆ, ನಾಡಿದ್ದು, ಮೂರು ದಿನ ಇದರಲ್ಲಿ ತಂದುಕೊಡಿ. ನೀವೇ ನನ್ನ ಕೌಂಟರಿಗೆ ಬರಬೇಕು, ಬೇರೆಯವರ ಕೈಯಲ್ಲಿ ಕಳಿಸಬೇಡಿ."

ಅವರು ಡಬ್ಬಿಗಳನ್ನು ನೋಡಿದರು. ಅವರು ಬುದ್ಧಿವಂತರು, ಬಿಡಿಸಿ ಹೇಳಬೇಕಾಗಲಿಲ್ಲ. ಇದೆಂತ ಹುಚ್ಚು ಎಂದರು, ಆದರೆ ದನಿಯಲ್ಲಿ ಜೋರಿರಲಿಲ್ಲ. ಡಬ್ಬಿಗಳನ್ನು ಡ್ರಾಯರಿಗೆ ಹಾಕಿಕೊಂಡರು.

ಬಂದರು. ನಮ್ಮ ಕ್ಲಿನಿಕ್ಕಿನ ಕೌಂಟರಿನಲ್ಲಿ ಕಂಪೆನಿ ಕೆಲಸದವರ ಸಾಲಿನಲ್ಲಿ ನಿಂತು, ಊದಿದ ಬೆರಳುಗಳಲ್ಲಿ ಡಬ್ಬಿ ಹಿಡಿದುಕೊಂಡು ಬಂದರು. ಅವರನ್ನು ಮುಂದೆ ಕರೆಯಬಹುದಿತ್ತು. ಕರೆಯಲಿಲ್ಲ. ಮೊದಲ ದಿನದ ಸ್ಯಾಂಪಲಿನಲ್ಲಿ ಏನೂ ಸಿಗಲಿಲ್ಲ. ಎರಡನೆಯ ದಿನವೂ ಇಲ್ಲ. ಅವರು ನಕ್ಕರು, ಹಳೆಯ ನಗು. ಒಂದೆರಡು ಸ್ಲೈಡಿನಲ್ಲಿ ಈ ಹುಳ ತಪ್ಪಿಸಿಕೊಳ್ಳುತ್ತದೆ ಎಂದು ಗೊತ್ತಿದ್ದರೂ, ಇಷ್ಟು ವರ್ಷ ನಾನು ಕಂಡದ್ದೆಲ್ಲ ನನ್ನ ಸಿಟ್ಟು ಕಟ್ಟಿದ ಕತೆಯೋ ಏನೋ ಅನ್ನಿಸಿತು.

ಮೂರನೆಯ ದಿನ ಬೇರೆ ಕ್ರಮ ಮಾಡಿದೆ. ಸರ್ಕಾರಿ ಆಸ್ಪತ್ರೆಯ ಆ ಹಿರಿಯ ಹೆಂಗಸಿಗೆ ಫೋನ್ ಮಾಡಿ ಕೇಳಿಕೊಂಡದ್ದು. ಗಾಜಿನ ಆಲಿಕೆಯ ತುದಿಗೆ ರಬ್ಬರಿನ ನಳಿಗೆ ಸಿಕ್ಕಿಸಿ ಕ್ಲಿಪ್ಪಿನಿಂದ ಬಿಗಿಯಬೇಕು. ಆಲಿಕೆ ತುಂಬ ಉಗುರುಬೆಚ್ಚಗಿನ ನೀರು, ಮೇಲೆ ತೆಳು ಬಟ್ಟೆ, ಬಟ್ಟೆಯ ಮೇಲೆ ಸ್ಯಾಂಪಲ್. ಬಿಸಿಗೆ ಹುಳಗಳು ಬಟ್ಟೆಯಿಂದ ಇಳಿದು ನೀರಿನ ತಳ ಸೇರುತ್ತವೆ. ಎರಡು ಗಂಟೆ ಬಿಟ್ಟು ಕ್ಲಿಪ್ಪು ಸಡಿಲಿಸಿ ತಳದ ನೀರನ್ನು ಸ್ಲೈಡಿಗೆ ಹಾಕಿದೆ. ಮೊದಲ ನೋಟದಲ್ಲೇ ಆರು ಕಂಡವು. ಎಲ್ಲವೂ ಮೈ ಬೀಸುತ್ತಿದ್ದವು.

ಅವರು ಹೊರಗೆ ಬೆಂಚಿನಲ್ಲಿ ಕೂತಿದ್ದರು. ಒಳಗೆ ಕರೆದು ನನ್ನ ಕುರ್ಚಿಯಲ್ಲಿ ಕೂರಿಸಿದೆ. ಈ ಸಲ ಅವರು ಕೂತು ನೋಡಿದರು.

"ಮ್ಯೂಕಸ್ ದಾರವಾ ಡಾಕ್ಟ್ರೇ?"

ಅವರು ಕಣ್ಣು ತೆಗೆಯದೆ ಸ್ಲೈಡನ್ನು ಆಚೆಗೊಮ್ಮೆ ಈಚೆಗೊಮ್ಮೆ ಸರಿಸುತ್ತಿದ್ದರು. ಕಿವಿ ಕೆಂಪಾಗಿತ್ತು. ಆಮೇಲೆ ತಲೆ ಎತ್ತದೆ, ನಿನಗೆ ಇದು ಯಾವಾಗಿನಿಂದ ಗೊತ್ತು ಎಂದು ಕೇಳಿದರು.

"ನಾಲ್ಕು ವರ್ಷದಿಂದ."

ಈಗ ತಲೆ ಎತ್ತಿದರು. ಅವರ ಮುಖ ನೋಡಲೆಂದೇ ನಾನು ಎದುರಿಗೆ ನಿಂತಿದ್ದೆ. ಮೊದಲು ಅರ್ಥವಾಗಲಿಲ್ಲ, ಆಮೇಲೆ ಅರ್ಥವಾಯಿತು, ಅರ್ಥವಾದದ್ದು ಕಣ್ಣಿನಿಂದ ಇಳಿದು ಬಾಯಿಯವರೆಗೆ ಬಂತು. ತುಟಿ ಒಣಗಿತು. ಬುದಯ್ಯದ ತೋಟದಲ್ಲಿ ತಾವು ಬಡಿಸಿದ ಊಟವೂ ಅವರಿಗೆ ನೆನಪಾಯಿತೋ ಏನೋ.

"ಗೊತ್ತಿದ್ದೂ ಹೇಳಲಿಲ್ಲ," ಎಂದರು.

"ನಾನು ಟೆಕ್ನಿಷಿಯನ್. ಎಣಿಸಿದ್ದನ್ನು ಆಗಲೇ ಬರೆದುಕೊಟ್ಟಿದ್ದೆ. ನೀವು ಓದಲಿಲ್ಲ."

ಮತ್ತೆ ಕೆಲಸದ ಮಾತಾಡಿದೆ. ರಿಪೋರ್ಟ್ ಬರೆದಿದ್ದೇನೆ, ನನ್ನ ಸಹಿ ಇದೆ, ಮದ್ದು ತೆಗೆದುಕೊಳ್ಳಿ ಎಂದೆ. ಅದಕ್ಕಿಂತ ಮೊದಲು ನನಗೊಂದು ಪತ್ರ ಬೇಕು. ನನ್ನ ಅತ್ತಿಗೆಗೆ, ಕನ್ನಡದಲ್ಲಿ, ನಿಮ್ಮ ಕೈಬರಹದಲ್ಲಿ. ಅವರ ಗಂಡ ಯಾವುದರಿಂದ ಸತ್ತರು, ಲ್ಯಾಬಿನಲ್ಲಿ ಏನು ಕಂಡಿತ್ತು, ಅದನ್ನು ಯಾರು ಅಲ್ಲಗಳೆದರು, ಎಲ್ಲ ಇರಬೇಕು ಎಂದೆ. ಅವರು ಅದು ಸಾಧ್ಯವಿಲ್ಲ, ನನ್ನ ಹೆಸರು ಹಾಳಾಗುತ್ತದೆ ಎಂದರು. ಹಾಗಾದರೆ ಬರುವ ಶುಕ್ರವಾರದ ಕೂಟದಲ್ಲಿ ಮೈಕಿನ ಮುಂದೆ ನಿಂತು ನಾನೇ ಹೇಳುತ್ತೇನೆ, ನಿಮ್ಮ ಹೆಂಡತಿ ಮೊದಲ ಸಾಲಿನಲ್ಲಿ ಕೂತು ಕೇಳಲಿ ಎಂದೆ. ಹೇಳುತ್ತಿದ್ದೆನೋ ಇಲ್ಲವೋ ನನಗೂ ಗೊತ್ತಿಲ್ಲ. ಹೇಳುತ್ತಾಳೆ ಎಂದು ಅವರು ನಂಬಿದರು.

ಲ್ಯಾಬಿನ ಮೇಜಿನ ಮೇಲೆಯೇ ಬರೆದರು. ಬೆರಳು ಬಗ್ಗುತ್ತಿರಲಿಲ್ಲ, ಅಕ್ಷರಗಳು ಸೊಟ್ಟಗೆ ಬಂದವು. ಗುರುತಿಸಲು ಬಹಳ ಕಷ್ಟವಾದ ಕಾಯಿಲೆಯಾಗಿತ್ತು ಎಂದು ಒಂದು ಸಾಲು ಹಾಕಿದ್ದರು. ಅದನ್ನು ಹೊಡೆದುಹಾಕಿ ಬೇರೆ ಪ್ರತಿ ಮಾಡಿ ಎಂದೆ. ಮಾಡಿದರು. ನಲವತ್ತು ನಿಮಿಷ ಹಿಡಿಯಿತು. ಆ ನಲವತ್ತು ನಿಮಿಷ ನಾನು ಅವರ ಪಕ್ಕದಲ್ಲೇ ನಿಂತಿದ್ದೆ, ಒಂದು ಲೋಟ ನೀರು ಬೇಕಾ ಎಂದು ಕೂಡ ಕೇಳಲಿಲ್ಲ.

ಅವರು ಮದ್ದು ತೆಗೆದುಕೊಂಡರು. ಆಮೇಲೆ ಎರಡು ಸಲ ಸ್ಯಾಂಪಲ್ ಕೊಟ್ಟರು, ಹುಳ ಇರಲಿಲ್ಲ. ಮತ್ತೆ ಸ್ಟೀರಾಯ್ಡ್ ಶುರುಮಾಡಿ ಕೀಲುನೋವು ಕಡಿಮೆಯಾಯಿತಂತೆ. ಥ್ಯಾಂಕ್ಸ್ ಹೇಳಲಿಲ್ಲ, ನಾನು ಕಾಯಲೂ ಇಲ್ಲ. ಆದರೆ ಒಂದು ಬದಲಾವಣೆ ಕಂಡೆ. ನಮ್ಮ ಕರಾವಳಿಯವರು, ಮಲಯಾಳಿಗಳು, ಬಂಗಾಳಿಗಳು ಯಾರೇ ಇರಲಿ, ಆ ಗುಳಿಗೆ ಬರೆಯುವ ಮೊದಲು ಅವರಿಂದ ನನ್ನ ಲ್ಯಾಬಿಗೆ ಚೀಟಿ ಬರಲು ಶುರುವಾಯಿತು. ಆಲಿಕೆಯ ಪರೀಕ್ಷೆ ಮಾಡಿ ಎಂದು ಬರೆದಿರುತ್ತಿತ್ತು. ಕೆಲವರಲ್ಲಿ ಸಿಕ್ಕಿತು ಕೂಡ. ಆ ಚೀಟಿಗಳನ್ನು ನೋಡಿದಾಗ ನನಗೆ ಸಮಾಧಾನವಾಗಬೇಕಿತ್ತು. ನನ್ನ ಅಣ್ಣನ ಮೇಲೆ ಕಲಿತ ಪಾಠ ಇದು ಎನ್ನುವುದಷ್ಟೇ ಕಾಣುತ್ತಿತ್ತು.

ಪತ್ರ ಊರು ಮುಟ್ಟಿ ಎರಡು ವಾರದ ಮೇಲೆ ಅತ್ತಿಗೆ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದರು. ಅವರು ಅಳುತ್ತಾರೆ, ಡಾಕ್ಟರನ್ನು ಬೈಯುತ್ತಾರೆ, ನನ್ನನ್ನು ಹರಸುತ್ತಾರೆ ಎಂದುಕೊಂಡಿದ್ದೆ. ಅತ್ತಿಗೆ ಬಹಳ ನಿಧಾನವಾಗಿ ಮಾತಾಡಿದರು. ಲ್ಯಾಬಿನಲ್ಲಿ ಹುಳ ಕಂಡಿತ್ತು, ತಾನು ಒಪ್ಪಲಿಲ್ಲ ಎಂದು ಡಾಕ್ಟರು ಬರೆದಿದ್ದಾರೆ, ಆ ಲ್ಯಾಬಿನಲ್ಲಿ ಇದ್ದದ್ದು ಯಾರು ಎಂದು ಕೇಳಿದರು.

ಅಲ್ಲಿ ಇದ್ದದ್ದು ನಾನೇ ಎಂದೆ.

ಫೋನಿನಲ್ಲಿ ಬೂತಿನ ಹೊರಗೆ ಬಸ್ಸೊಂದು ಹೋದ ಸದ್ದು ಕೇಳಿತು.

"ಆ ಗುಳಿಗೆ ತಿನ್ಬೇಡ ಅಣ್ಣ ಅಂತ ಅವ್ರಿಗೆ ಒಂದ್ ಮಾತ್ ಹೇಳ್ಲಕ್ಕಿತ್ತಲ್ದಾ ನಿಂಗೆ?"

ಹೇಳಬಹುದಿತ್ತು. ಡಾಕ್ಟರಿಗೆ ಹೆದರಿ ಸಹಿ ಹಾಕಿದ್ದು ಒಂದು. ಶುಕ್ರವಾರ ಊಟಕ್ಕೆ ಬಂದ ಅಣ್ಣನಿಗೆ ಹೇಳಲು ಯಾರ ಹೆದರಿಕೆಯೂ ಇರಲಿಲ್ಲ. ಅವನ ಉಬ್ಬಸ ನಿಂತದ್ದನ್ನು ನೋಡಿ, ಡಾಕ್ಟರು ಹೇಳಿದ್ದೇ ಸರಿಯಿರಬೇಕು ಎಂದು ನಾನೂ ನಂಬಿಬಿಟ್ಟಿದ್ದೆ. ಇದನ್ನು ಅತ್ತಿಗೆಗೆ ಫೋನಿನಲ್ಲಿ ಹೇಳಲಾಗಲಿಲ್ಲ. ಆ ವರ್ಷದ ರಜೆಯಲ್ಲಿ ಊರಿಗೆ ಹೋಗಿ, ಅವರ ಎದುರು ಕೂತು ಹೇಳಿದೆ. ಅವರು ಅಕ್ಕಿ ಆರಿಸುತ್ತ ಪೂರ್ತಿ ಕೇಳಿದರು. ಆಮೇಲೆ, ಮಕ್ಕಳಿಬ್ಬರ ಪರೀಕ್ಷೆ ಮಾಡಿಸು ಎಂದಷ್ಟೇ ಹೇಳಿದರು. ಮಾಡಿಸಿದೆ. ದೊಡ್ಡವಳಿಗೆ ಇತ್ತು, ಮದ್ದು ಕೊಡಿಸಿದೆ, ಹೋಯಿತು.

ಅತ್ತಿಗೆ ಈಗಲೂ ನನ್ನನ್ನು ಹಬ್ಬಕ್ಕೆ ಕರೆಯುತ್ತಾರೆ, ಹೋದರೆ ಬಡಿಸುತ್ತಾರೆ. ಅಣ್ಣನ ಮಾತು ಮಾತ್ರ ನನ್ನ ಎದುರು ಎತ್ತುವುದಿಲ್ಲ. ಡಾಕ್ಟರು ಕೆಲವು ವರ್ಷದ ಮೇಲೆ ಬಹರೈನ್ ಬಿಟ್ಟು ಹೋದರು ಎಂದು ಕೇಳಿದೆ. ಇಷ್ಟು ಕಾಲವಾಯಿತಲ್ಲ, ಇನ್ನಾದರೂ ಅವರನ್ನು ಕ್ಷಮಿಸಿಬಿಡು ಎಂದು ನನ್ನ ಗಂಡ ಆಗೀಗ ಹೇಳುತ್ತಾರೆ. ಡಾಕ್ಟರ ಮೇಲಿನ ಸಿಟ್ಟು ಬಿಟ್ಟರೆ ಅದು 'ಕಂಡುಬಂದಿಲ್ಲ' ಎಂದು ಸಹಿ ಹಾಕಿದವಳ ಕಡೆಗೆ ತಿರುಗುತ್ತದೆ. ಆದ್ದರಿಂದ ಬಿಟ್ಟಿಲ್ಲ.